ಬೆರೆತುಹೋದ ಕಸದಿಂದ ಒಣ ಕಸ ಎತ್ತುವುದು ಹೇಗೆ: ಹಂತ ಹಂತವಾಗಿ

ಹಸಿ ಕಸ ಬೇರೆ ಇಡಿ, ಒಣ ಕಸ ಬೇರೆ ಇಡಿ ಎಂದು ಹೇಳುವ ಬರಹಗಳು ಬೇಕಾದಷ್ಟಿವೆ. ಇದು ಅದಲ್ಲ. ಕಸ ಆಗಲೇ ಬೆರೆತುಹೋಗಿದೆ, ಈಗೇನು ಮಾಡೋದು ಎಂದು ಕೇಳುವವರಿಗೆ ಇದು. ಮನೆಯಲ್ಲಿ ನಾಮಕರಣ ಆಗಿರುತ್ತದೆ, ನೆಂಟರು ಕೈಗೆ ಸಿಕ್ಕ ಡಬ್ಬಕ್ಕೆ ಎಲ್ಲವನ್ನೂ ಹಾಕಿರುತ್ತಾರೆ. ಅಥವಾ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಎರಡು ಮೂಟೆ ಬಿಟ್ಟುಹೋಗಿರುತ್ತಾರೆ. ಅದನ್ನು ಹಾಗೇ ಕಟ್ಟಿ ಗಾಡಿಗೆ ಕೊಡೋಣ ಅನ್ನಿಸುವುದು ಸಹಜ. ಆದರೆ ಒಮ್ಮೆ ಅದು ದೊಡ್ಡ ಲಾರಿಯ ಒತ್ತುಯಂತ್ರದೊಳಗೆ ಹೋದರೆ ಮುಗಿಯಿತು. ಸಾಂಬಾರು, ಹಣ್ಣಿನ ಸಿಪ್ಪೆ, ಮಗುವಿನ ಡಯಾಪರ್ ಎಲ್ಲದರ ರಸ ರಟ್ಟಿಗೂ ಪೇಪರಿಗೂ ಇಳಿದುಬಿಡುತ್ತದೆ. ಆಮೇಲೆ ಯಾರು ಎಷ್ಟೇ ಆರಿಸಿದರೂ ಸಿಗುವುದು ಅಷ್ಟಕ್ಕಷ್ಟೇ.

ಇದರ ಪರಿಣಾಮ ಬೆಂಗಳೂರಿನವರಿಗೆ ಹೊಸದೇನಲ್ಲ. ಬೆರಕೆ ಕಸ ಸುರಿದು ಸುರಿದು ನಗರದ ಹೊರಗಿನ ಮಾವಳ್ಳಿಪುರದ ಜನ ರೋಸಿಹೋದರು, 2012ರಲ್ಲಿ ಅಲ್ಲಿಗೆ ಕಸ ಹೋಗುವುದು ನಿಂತಿತು. ಆಮೇಲೆ ಹೊರೆ ಬಿದ್ದದ್ದು ಮಂಡೂರಿನ ಮೇಲೆ. ಅಲ್ಲಿಯೂ ಪ್ರತಿಭಟನೆ ಆಗಿ 2014ರ ಕೊನೆಗೆ ಬಾಗಿಲು ಮುಚ್ಚಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ 'ಎರಡು ಡಬ್ಬ, ಒಂದು ಚೀಲ' ಪದ್ಧತಿ ಕಡ್ಡಾಯ ಎಂದಿತು. ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡ್, ಡಯಾಪರ್‌ನಂಥದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ನಾವು ಈಗ ಮಾಡಹೊರಟಿರುವುದು, ಬೆರೆತದ್ದನ್ನು ಮತ್ತೆ ಈ ಮೂರು ಜಾಗಕ್ಕೆ ತಲುಪಿಸುವ ಕೆಲಸ.

ಮೊದಲು ಒಂದು ಮಾತು: ಯಾವುದು ಮೊದಲು, ಯಾವುದು ಆಮೇಲೆ

ಹೆಚ್ಚಿನವರು ಎಡವುವುದು ಇಲ್ಲಿ. ಚೀಲ ಬಿಚ್ಚಿದ ತಕ್ಷಣ ಎದ್ದು ಕಾಣುವುದು ಬಾಟಲಿ, ಡಬ್ಬಿ. ಕೈ ಅಲ್ಲಿಗೇ ಹೋಗುತ್ತದೆ. ಆದರೆ ಬಾಟಲಿಗೆ ಅವಸರ ಇಲ್ಲ. ಸ್ಟೀಲು, ಗಾಜು, ಗಟ್ಟಿ ಪ್ಲಾಸ್ಟಿಕ್ ಒಂದು ವಾರ ಮುಸುರೆಯಲ್ಲಿ ಬಿದ್ದಿದ್ದರೂ ತೊಳೆದರೆ ಸರಿಹೋಗುತ್ತವೆ. ಕಾಗದ ಹಾಗಲ್ಲ. ಅದು ಪಕ್ಕದ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಬೆಳಿಗ್ಗೆ ಗರಿಗರಿಯಾಗಿದ್ದ ರಟ್ಟು ಸಂಜೆಗೆ ಮೆತ್ತಗಾಗಿ, ಮರುದಿನಕ್ಕೆ ನಾತ ಹಿಡಿಯುತ್ತದೆ. ಹಾಗಾಗಿ ಮೊದಲು ಅಪಾಯದ್ದು, ಆಮೇಲೆ ಕಾಗದ, ಆಮೇಲೆ ಲೋಹ ಮತ್ತು ಗಾಜು, ಆಮೇಲೆ ಪ್ಲಾಸ್ಟಿಕ್, ಕೊನೆಗೆ ಹಸಿ ಕಸ. ಈ ಸಾಲು ತಪ್ಪದಿದ್ದರೆ ಅರ್ಧ ಕೆಲಸ ಆದಂತೆ.

ಹಂತ 1: ಜಾಗ ಮತ್ತು ಸಾಮಾನು

ಬೆಳಕಿರುವಾಗ, ಗಾಳಿಯಾಡುವ ಕಡೆ ಮಾಡಿ. ಟೆರೇಸು, ಹಿತ್ತಲು, ಪಾರ್ಕಿಂಗ್‌ನ ಮೂಲೆ, ಯಾವುದಾದರೂ ಆದೀತು. ಬಚ್ಚಲುಮನೆ ಬೇಡ, ಕಿರಿದು ಜಾಗದಲ್ಲಿ ಚೂಪಾದದ್ದು ಕಾಣುವುದಿಲ್ಲ.

ನೆಲಕ್ಕೆ ಹಾಸಲು ಹಳೇ ಟಾರ್ಪಾಲು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ. ಖಾಲಿ ಅಕ್ಕಿ ಚೀಲ ಐದಾರು. ಒಂದು ಉದ್ದನೆಯ ಇಕ್ಕಳ. ಕೈಗೆ ದಪ್ಪ ರಬ್ಬರ್ ಗವಸು, ಔಷಧಿ ಅಂಗಡಿಯಲ್ಲಿ ಸಿಗುವ ತೆಳ್ಳಗಿನದು ಸಾಲದು, ಒಂದು ಗಾಜಿನ ಚೂರಿಗೆ ಅದು ಹರಿಯುತ್ತದೆ. ಕಾಲಿಗೆ ಮುಚ್ಚಿದ ಚಪ್ಪಲಿ ಅಥವಾ ಶೂ, ಮುಖಕ್ಕೆ ಮಾಸ್ಕ್. ಹಳೇ ಸ್ಪೀಕರಿನಿಂದ ತೆಗೆದ ಅಯಸ್ಕಾಂತ ಇದ್ದರೆ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಂದು ಬಕೆಟ್ ನೀರು. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ವರ್ಷಗಳೇ ಆಗಿದ್ದರೆ, ಇದನ್ನು ಅಭ್ಯಾಸ ಮಾಡಿಕೊಳ್ಳುವ ಮೊದಲು ಡಾಕ್ಟರನ್ನು ಒಮ್ಮೆ ಕೇಳಿ.

ಚೀಲದೊಳಗೆ ಕೈ ಹಾಕಬೇಡಿ. ಚೀಲವನ್ನು ಕಾಲಲ್ಲಿ ಒತ್ತಬೇಡಿ. ಬಾಯಿ ಬಿಚ್ಚಿ, ತಳ ಹಿಡಿದು ಎತ್ತಿ, ಟಾರ್ಪಾಲಿನ ಮೇಲೆ ನಿಧಾನಕ್ಕೆ ಸುರಿಯಿರಿ. ಇಕ್ಕಳದಲ್ಲಿ ತೆಳ್ಳಗೆ ಹರಡಿ. ಗುಡ್ಡೆ ಇದ್ದರೆ ಅಡಿಯಲ್ಲಿ ಏನಿದೆ ಅಂತ ಗೊತ್ತಾಗೋದೇ ಇಲ್ಲ.

ಹಂತ 2: ಅಪಾಯದ್ದನ್ನು ಮೊದಲು ಎತ್ತಿ

ಸ್ಯಾನಿಟರಿ ಪ್ಯಾಡ್, ಡಯಾಪರ್, ಗಾಯಕ್ಕೆ ಕಟ್ಟಿದ ಬಟ್ಟೆ: ಇವುಗಳನ್ನು ಇಕ್ಕಳದಲ್ಲೇ ಎತ್ತಿ ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಬೇರೆ ಇಡಿ. ಗುರುತು ಯಾಕೆಂದರೆ, ಮುಂದೆ ಅದನ್ನು ಇನ್ನೊಬ್ಬರು ಬರಿಗೈಯಲ್ಲಿ ಬಿಚ್ಚಿ ನೋಡಬಾರದು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ಸುಲಿನ್ ಸೂಜಿ ಇದ್ದೇ ಇರುತ್ತದೆ. ಸೂಜಿ, ಶೇವಿಂಗ್ ಬ್ಲೇಡು ಎರಡನ್ನೂ ಮುಚ್ಚಳ ಇರುವ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಿ, ಟೇಪ್ ಸುತ್ತಿ, ಏನಿದೆ ಎಂದು ಮೇಲೆ ಬರೆಯಿರಿ. ಒಡೆದ ಗಾಜು ಎರಡು ಮಡಿಕೆ ರಟ್ಟಿನೊಳಗೆ ಹೋಗಲಿ.

ಬ್ಯಾಟರಿ, ಹಳೇ ಮೊಬೈಲು, ಚಾರ್ಜರ್ ಇವು ಒಣ ಕಸವೂ ಅಲ್ಲ. ಊದಿಕೊಂಡ ಮೊಬೈಲ್ ಬ್ಯಾಟರಿ ಕಸದ ಲಾರಿಯಲ್ಲಿ ಒತ್ತಿಸಿಕೊಂಡರೆ ಬೆಂಕಿ ಹೊತ್ತುತ್ತದೆ. ಅದರ ತುದಿಗಳಿಗೆ ಟೇಪ್ ಅಂಟಿಸಿ, ಬಿಸಿಲು ತಾಗದ ಕಡೆ ಬೇರೆ ಇಡಿ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ಮತ್ತು ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವುಗಳನ್ನು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೇ ಕೊಡಿ.

ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ. ಒಡೆದದ್ದು ಸಿಕ್ಕಿದರೆ ಪೊರಕೆ ಹಿಡಿಯಬೇಡಿ. ಸ್ವಲ್ಪ ಹೊತ್ತು ಆ ಜಾಗ ಬಿಟ್ಟು ದೂರ ಹೋಗಿ, ಆಮೇಲೆ ಗಟ್ಟಿ ಕಾಗದದಲ್ಲಿ ಚೂರುಗಳನ್ನು ಬಳಿದು ಮುಚ್ಚಳದ ಡಬ್ಬಿಗೆ ಹಾಕಿ. ಅವಧಿ ಮುಗಿದ ಮಾತ್ರೆ, ಸೊಳ್ಳೆ ಔಷಧಿಯ ಬಾಟಲಿ, ಪೇಂಟ್ ಡಬ್ಬಿ ಕೂಡ ಇದೇ ಗುಂಪಿಗೆ. ಇಷ್ಟೆಲ್ಲ ತೆಗೆದಾದ ಮೇಲಷ್ಟೇ ಗವಸಿನ ಕೈ ಕಸಕ್ಕೆ ಇಳಿಯಬೇಕು.

ಹಂತ 3: ಕಾಗದವನ್ನು ಉಳಿಸಿಕೊಳ್ಳಿ

ಕಾಗದವನ್ನೆಲ್ಲ ಒಮ್ಮೆಗೇ ಎತ್ತಿ, ಆಮೇಲೆ ಕೂತು ಮೂರು ಪಾಲು ಮಾಡಿ.

ಒಣಗಿರುವುದು: ಪೇಪರು, ನೋಟ್‌ಬುಕ್ಕು, ರಟ್ಟಿನ ಪೆಟ್ಟಿಗೆ. ಇವು ನೇರ ಚೀಲಕ್ಕೆ. ಪೆಟ್ಟಿಗೆಯ ಟೇಪ್ ಕಿತ್ತು, ಚಪ್ಪಟೆ ಮಾಡಿ.

ಬರೀ ನೀರಿನಿಂದ ಒದ್ದೆಯಾದದ್ದು: ಇದನ್ನು ಬಿಸಾಡಬೇಡಿ. ಹಾಳೆ ಬಿಡಿಸಿ ಟೆರೇಸಿನಲ್ಲಿ ಹರಡಿ, ಮೇಲೊಂದು ಕಲ್ಲಿಡಿ. ಬಿಸಿಲಿದ್ದರೆ ಮಧ್ಯಾಹ್ನದೊಳಗೆ ಒಣಗುತ್ತದೆ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಇದು ಆಗದ ಮಾತು, ಅಲ್ಲಿಯವರು ಇಂಥದ್ದನ್ನು ಹರಿದು ಗೊಬ್ಬರದ ಗುಂಡಿಗೆ ಹಾಕುವುದೇ ಮೇಲು.

ಎಣ್ಣೆ, ಸಾರು ತಾಗಿದ್ದು: ನೀರು ಆರುತ್ತದೆ, ಎಣ್ಣೆ ಆರುವುದಿಲ್ಲ. ಕಾಗದವನ್ನು ಮತ್ತೆ ಕಾಗದ ಮಾಡುವಾಗ ನೀರಿನಲ್ಲಿ ನೆನೆಸಿ ತಿರುಳು ಮಾಡುತ್ತಾರೆ, ಎಣ್ಣೆ ಆ ತಿರುಳಿಗೆ ಅಂಟಿಕೊಂಡು ಹಾಳೆಯಲ್ಲಿ ಕಲೆ ಬಿಡುತ್ತದೆ. ಬಜ್ಜಿ ಕಟ್ಟಿಕೊಟ್ಟ ಪೇಪರ್, ಟಿಶ್ಯೂ ಇವೆಲ್ಲ ಹಸಿ ಕಸಕ್ಕೆ. ಪಿಜ್ಜಾ ಪೆಟ್ಟಿಗೆಯ ಮೇಲಿನ ಮುಚ್ಚಳ ಸಾಮಾನ್ಯವಾಗಿ ಚೊಕ್ಕಟವಾಗಿರುತ್ತದೆ, ಅದನ್ನು ಹರಿದು ಇಟ್ಟುಕೊಳ್ಳಿ, ತಳ ಮಾತ್ರ ಹಸಿ ಕಸಕ್ಕೆ.

ಕಾಗದದ ಹಾಗೆ ಕಾಣುವ, ಆದರೆ ಬರೀ ಕಾಗದವಲ್ಲದ ಕೆಲವು ಇವೆ. ಅಂಗಡಿಯ ಬಿಲ್ಲು, ಎಟಿಎಂ ಚೀಟಿ ಹಿಡಿದು ಉಗುರಿನಿಂದ ಬಲವಾಗಿ ಒಂದು ಗೆರೆ ಎಳೆಯಿರಿ. ಉಗುರು ಹೋದ ದಾರಿ ಕಪ್ಪಾದರೆ ಅದು ರಾಸಾಯನಿಕ ಸವರಿದ ಥರ್ಮಲ್ ಕಾಗದ, ರದ್ದಿಗೂ ಬೇಡ, ಗೊಬ್ಬರಕ್ಕೂ ಬೇಡ. ಕಾಫಿ ಕುಡಿದ ಪೇಪರ್ ಲೋಟದ ಅಂಚನ್ನು ಹರಿದು ನೋಡಿ. ಹರಿದ ಕಡೆ ತೆಳ್ಳನೆಯ ಪೊರೆಯೊಂದು ಎಳೆದಂತೆ ಬರುತ್ತದೆ, ಅದು ಪ್ಲಾಸ್ಟಿಕ್ಕು. ಬೆಳ್ಳಿ ಮೆರುಗಿನ ಪೇಪರ್ ತಟ್ಟೆ, ಮಿಂಚುವ ಮದುವೆ ಕಾರ್ಡು ಕೂಡ ಹೀಗೇ. ಅಡಿಕೆ ಹಾಳೆಯ ತಟ್ಟೆ, ಮುತ್ತುಗದ ಎಲೆ ಮಾತ್ರ ನಿಶ್ಚಿಂತೆಯಿಂದ ಗೊಬ್ಬರಕ್ಕೆ ಹಾಕಬಹುದು.

ಜ್ಯೂಸಿನ ಟೆಟ್ರಾ ಪ್ಯಾಕ್ ಒಂದು ವಿಚಿತ್ರ ವಸ್ತು. ಮುಕ್ಕಾಲು ಪಾಲು ರಟ್ಟು, ಉಳಿದದ್ದು ಪ್ಲಾಸ್ಟಿಕ್ಕು ಮತ್ತು ತೆಳ್ಳನೆ ಅಲ್ಯೂಮಿನಿಯಂ. ಅದಕ್ಕೆಂದೇ ಇರುವ ಕಾರ್ಖಾನೆಗಳಲ್ಲಿ ಮಾತ್ರ ಬಿಡಿಸುತ್ತಾರೆ. ಹಾಗಾಗಿ ಕಾಗದದ ಜೊತೆ ಹಾಕಬೇಡಿ, ತೊಳೆದು ಚಪ್ಪಟೆ ಮಾಡಿ ಬೇರೆ ಕಟ್ಟಿಡಿ.

ಹಂತ 4: ಲೋಹ, ಗಾಜು

ಇದು ಬೇಗ ಮುಗಿಯುವ ಕೆಲಸ. ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ, ತಗಡು. ಅಂಟದ ಹಗುರ ಡಬ್ಬಿ ಅಲ್ಯೂಮಿನಿಯಂ. ಇದನ್ನು ಒಂದೂ ಬಿಡಬೇಡಿ. ಅದಿರಿನಿಂದ ಹೊಸದಾಗಿ ಅಲ್ಯೂಮಿನಿಯಂ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸಲು ಶೇಕಡಾ 5ರಷ್ಟು ಶಕ್ತಿ ಸಾಕು. ಗುಜರಿಯಲ್ಲಿ ಅದಕ್ಕೆ ಒಳ್ಳೆ ಬೆಲೆ ಇರುವುದೂ ಇದಕ್ಕೇ.

ಹೋಟೆಲಿನಿಂದ ಪಾರ್ಸೆಲ್ ಬಂದ ಬೆಳ್ಳಿ ಹಾಳೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಉಂಡೆಯಾಗಿಯೇ ಉಳಿದರೆ ಅಲ್ಯೂಮಿನಿಯಂ. ಮೆಲ್ಲಗೆ ಸರಬರ ಎನ್ನುತ್ತಾ ಬಿಚ್ಚಿಕೊಂಡರೆ ಅದು ಬೆಳ್ಳಿ ಬಣ್ಣದ ಪ್ಲಾಸ್ಟಿಕ್. ಚಿಪ್ಸ್ ಪ್ಯಾಕೆಟ್ಟಿನ ಒಳಭಾಗ ಹೊಳೆಯುತ್ತದಲ್ಲ, ಅದು ಹೀಗೆ ಬಿಚ್ಚಿಕೊಳ್ಳುವ ಜಾತಿ. ಸಣ್ಣ ಸಣ್ಣ ಹಾಳೆ ಎಲ್ಲೋ ಕಳೆದುಹೋಗುತ್ತವೆ. ಒಂದರ ಮೇಲೊಂದು ಸುತ್ತುತ್ತಾ ದೊಡ್ಡ ಉಂಡೆ ಮಾಡಿಕೊಳ್ಳಿ.

ಡಿಯೋಡರೆಂಟ್, ಜಿರಲೆ ಸ್ಪ್ರೇ ಡಬ್ಬಿಗಳಿಗೆ ತೂತು ಮಾಡಬೇಡಿ, ಜಜ್ಜಬೇಡಿ. ಹಳೇ ವೈರಿನಿಂದ ತಾಮ್ರ ತೆಗೆಯಲು ಸುಡುವವರಿದ್ದಾರೆ. ಖಂಡಿತ ಬೇಡ. ವೈರಿನ ಹೊದಿಕೆ ಪಿವಿಸಿ ಎಂಬ ಪ್ಲಾಸ್ಟಿಕ್, ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊರಬರುತ್ತದೆ. ವೈರನ್ನು ಹಾಗೇ ಕೊಟ್ಟುಬಿಡಿ.

ಗಾಜಿನ ಬಾಟಲಿ ಇಡಿಯಾಗಿದ್ದರೆ ಇಡಿಯಾಗಿಯೇ ಇರಲಿ. ಕನ್ನಡಿ, ಪಿಂಗಾಣಿ ಕಪ್ಪು, ಒಲೆಗಿಡುವ ಗಾಜಿನ ಪಾತ್ರೆ ಇವನ್ನು ಬಾಟಲಿಗಳ ಜೊತೆ ಬೆರೆಸಬೇಡಿ. ಪಿಂಗಾಣಿ, ಒಲೆಗಿಡುವ ಗಾಜು ಕರಗುವ ಶಾಖ ಬೇರೆ, ಒಂದು ಚೂರು ಸೇರಿದರೂ ಕುಲುಮೆಯಲ್ಲಿ ಕರಗದೆ ಉಳಿದು ಹೊಸ ಬಾಟಲಿ ಸೀಳುತ್ತದೆ.

ಹಂತ 5: ಪ್ಲಾಸ್ಟಿಕ್

ಇಲ್ಲಿ ಸಮಯ ಹಿಡಿಯುತ್ತದೆ, ಯಾಕೆಂದರೆ ಪ್ಲಾಸ್ಟಿಕ್ ಅನ್ನುವುದು ಒಂದು ವಸ್ತು ಅಲ್ಲ. ಡಬ್ಬಿಯ ತಳ ನೋಡಿ, ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಅಂದರೆ ನೀರಿನ ಬಾಟಲಿಯ ಪೆಟ್. 2 ಶಾಂಪೂ, ಫಿನಾಯಿಲ್ ಡಬ್ಬಿಯ ಗಟ್ಟಿ ಪಾಲಿಥಿನ್. 3 ಪಿವಿಸಿ. 4 ಮೆತ್ತನೆ ಕವರಿನ ಪಾಲಿಥಿನ್. 5 ಹೋಟೆಲ್ ಪಾರ್ಸೆಲ್ ಡಬ್ಬಿಯ ಪಾಲಿಪ್ರೊಪಿಲೀನ್. 6 ಥರ್ಮೋಕೋಲ್ ಜಾತಿ. 7 ಉಳಿದವೆಲ್ಲ. 1, 2, 5ಕ್ಕೆ ಗಿರಾಕಿ ಸುಲಭವಾಗಿ ಸಿಗುತ್ತಾರೆ, 4ಕ್ಕೆ ತೊಳೆದಿದ್ದರೆ ಸಿಗುತ್ತಾರೆ. 3, 6, 7 ಕಷ್ಟ.

ಅಂಕಿ ಅಳಿಸಿಹೋಗಿದ್ದರೆ? ಬಕೆಟ್ ನೀರು ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದು ಹನಿ ಬಿಡಿ. ಪ್ಲಾಸ್ಟಿಕ್ಕಿನ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ ನೀರೊಳಗೆ ಅದುಮಿ ಬಿಡಿ. ಸೋಪು ಇಲ್ಲದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗುವುದೂ ತೇಲಿಬಿಡುತ್ತದೆ. 2, 4, 5ನೆಯವು ನೀರಿಗಿಂತ ಹಗುರ, ಮೇಲೆ ಬರುತ್ತವೆ. ಪೆಟ್, ಪಿವಿಸಿ ನೀರಿಗಿಂತ ಭಾರ, ತಳಕ್ಕೆ ಹೋಗುತ್ತವೆ. ಮರುಬಳಕೆ ಕಾರ್ಖಾನೆಯಲ್ಲೂ ದೊಡ್ಡ ತೊಟ್ಟಿಗಳಲ್ಲಿ ಇದನ್ನೇ ಮಾಡುತ್ತಾರೆ. ನೀರಿನ ಬಾಟಲಿಯನ್ನು ಚೂರು ಮಾಡಿ ತೊಟ್ಟಿಗೆ ಹಾಕಿದಾಗ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ. ಅದಕ್ಕೇ ಬಾಟಲಿ ಹಿಸುಕಿ, ಮುಚ್ಚಳ ಅದಕ್ಕೇ ತಿರುಗಿಸಿ ಕೊಟ್ಟರೂ ತೊಂದರೆ ಇಲ್ಲ. ಬಿಡಿ ಮುಚ್ಚಳಗಳು ಕಳೆದುಹೋಗುವುದೇ ಜಾಸ್ತಿ.

ಹಾಲಿನ ಕವರ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಯಾಕೆಂದರೆ ಅದಿಲ್ಲದ ಮನೆ ಇಲ್ಲ. ಒಳ್ಳೆಯ ಪಾಲಿಥಿನ್ನು, ತೊಳೆದು ಕೊಟ್ಟರೆ ಗುಜರಿಯವರು ಬೇಡ ಅನ್ನುವುದಿಲ್ಲ. ಬೆರಕೆ ಚೀಲದಲ್ಲಿ ಸಿಕ್ಕಿದ್ದರ ಒಳಗೆ ಹಾಲು ಹುಳಿತು ಮೆತ್ತಿಕೊಂಡಿರುತ್ತದೆ. ಒಂದು ಬದಿ ಉದ್ದಕ್ಕೆ ಸೀಳಿ, ಹಾಳೆಯಂತೆ ಬಿಡಿಸಿ, ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಜಾಲಾಡಿಸಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ. ಇನ್ನು ಮೇಲೆ ಹಾಲು ಸುರಿಯುವಾಗ ಮೂಲೆಯನ್ನು ಪೂರ್ತಿ ಕತ್ತರಿಸಿ ಬೀಳಿಸಬೇಡಿ. ಅರ್ಧ ಕತ್ತರಿಸಿ ಜೋತಾಡಲು ಬಿಡಿ. ಆ ತ್ರಿಕೋನದ ಚೂರನ್ನು ಹಸಿ ಕಸದಿಂದ ಆರಿಸುವುದಿದೆಯಲ್ಲ, ಅಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ.

ಹೊಸ ನೀರು ಸುರಿದು ತೊಳೆಯುವ ಅಗತ್ಯ ಇಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೆ ಕಾದದ್ದು ನೆನಪಿದೆ ಅಲ್ವಾ? ಡಬ್ಬಿ ಫಳಫಳ ಅನ್ನಬೇಕಿಲ್ಲ. ಆಹಾರದ ಅಂಟು ಹೋಗಿ, ನೀರು ಬಸಿದು ಒಣಗಿದರೆ ಸಾಕು.

ತಾಂಬೂಲದ ಚೀಲಕ್ಕೂ ಮೋಸ ಹೋಗಬೇಡಿ. ಮದುವೆಯಲ್ಲಿ ತೆಂಗಿನಕಾಯಿ ಹಾಕಿಕೊಡುವ ಬಣ್ಣಬಣ್ಣದ ಚೀಲಗಳಲ್ಲಿ ಬಹಳಷ್ಟು ಬಟ್ಟೆಯಂತೆ ಕಾಣುವ ಪಾಲಿಪ್ರೊಪಿಲೀನ್. ಮೇಲೆ ಒಂದು ಹನಿ ನೀರು ಬಿಡಿ. ಹತ್ತಿ ಬಟ್ಟೆ ಹೀರಿಕೊಳ್ಳುತ್ತದೆ, ಇದರ ಮೇಲೆ ಹನಿ ಹಾಗೇ ನಿಲ್ಲುತ್ತದೆ. ತೆಳು ಕ್ಯಾರಿಬ್ಯಾಗ್ ರಾಜ್ಯದಲ್ಲಿ 2016ರ ಮಾರ್ಚ್‌ನಿಂದಲೇ ನಿಷೇಧ, ಆದರೂ ನಿಮ್ಮ ಟಾರ್ಪಾಲಿನ ಮೇಲೆ ಸಿಕ್ಕೇ ಸಿಗುತ್ತದೆ.

ಚಿಪ್ಸು, ಬಿಸ್ಕತ್ತು, ಶಾಂಪೂ ಸ್ಯಾಶೆ, ಗುಟ್ಕಾ ಪೊಟ್ಟಣ ಇವೆಲ್ಲ ಹಲವು ಪದರ ಅಂಟಿಸಿದವು. ಬಿಡಿಸಲು ಆಗದ ಕಾರಣ ಇವಕ್ಕೆ ಬೆಲೆಯೂ ಇಲ್ಲ. ಒಣಗಿದ್ದರೆ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಕಲ್ಲಿದ್ದಲಿನ ಜೊತೆ ಉರುವಲಾಗಿ ಹೋಗುತ್ತವೆ. ಹಾಗಾಗಿ ತೊಳೆಯುತ್ತಾ ಕೂರಬೇಡಿ, ಕೊಡವಿ, ಒಣ ಕಸದ ಚೀಲದಲ್ಲೇ ಬೇರೆ ಕಟ್ಟಾಗಿ ಕೊಡಿ.

ಹಂತ 6: ಉಳಿದ ಹಸಿ ಕಸ

ಈಗ ಟಾರ್ಪಾಲಿನ ಮೇಲೆ ಇರುವುದು ಸಿಪ್ಪೆ, ಅನ್ನ, ಕಾಫಿ ಗಸಿ, ದೇವರ ಮನೆಯ ಹೂವು. ಕಣ್ಣು ತಪ್ಪಿಸುವ ಸಣ್ಣ ಪ್ಲಾಸ್ಟಿಕ್ಕು ಇರುವುದು ಇಲ್ಲೇ. ಹೂವಿನ ಮಾಲೆಯಲ್ಲಿ ಬಾಳೆ ನಾರು ಇದ್ದರೆ ಸರಿ, ಆದರೆ ಈಗ ನೈಲಾನ್ ದಾರ, ಜರಿಯೇ ಜಾಸ್ತಿ. ಒಂದು ತುದಿ ಹಿಡಿದು ಎಳೆದರೆ ಹೂವು ಉದುರಿ ದಾರ ಕೈಗೆ ಬರುತ್ತದೆ. ಸೇಬಿನ ಮೇಲಿನ ಸ್ಟಿಕ್ಕರ್, ಕುಂಕುಮದ ಪೊಟ್ಟಣ, ಟೀ ಬ್ಯಾಗಿನ ಪಿನ್ನು ನೋಡಿಕೊಳ್ಳಿ. ಬಾಳೆಎಲೆ ಮಡಿಸಿದ್ದರೆ ಬಿಚ್ಚಿ ನೋಡಿ, ಐಸ್‌ಕ್ರೀಮಿನ ಕಪ್ಪು, ಚಮಚ ಒಳಗೆ ಕೂತಿರುತ್ತವೆ.

ಕರಟ ಗೊಬ್ಬರದಲ್ಲಿ ವರ್ಷವಾದರೂ ಕರಗುವುದಿಲ್ಲ. ಆರಿಸಿ ಒಣಗಿಸಿ, ನೀರೊಲೆಗೋ ಇದ್ದಿಲು ಮಾಡುವವರಿಗೋ ಹೋಗಲಿ. ಎಷ್ಟು ಆರಿಸಿದರೂ ಚೂರುಪಾರು ಉಳಿಯುತ್ತದೆ. ಮನೆಯಲ್ಲೇ ಗೊಬ್ಬರ ಮಾಡುವುದಾದರೆ ತಲೆ ಕೆಡಿಸಿಕೊಳ್ಳಬೇಡಿ. ಗೊಬ್ಬರ ಒಣಗಿದ ಮೇಲೆ ಜರಡಿ ಹಿಡಿಯಿರಿ, ಉಳಿದದ್ದು ಮೇಲೆ ನಿಲ್ಲುತ್ತದೆ.

ಹಂತ 7: ಯಾರಿಗೆ ಕೊಡಬೇಕು

ಗುಜರಿ ಅಂಗಡಿ, ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ, ಮನೆ ಬಾಗಿಲಿಗೆ ಬರುವ ಗಾಡಿ: ದಾರಿ ಮೂರು. ಇಲ್ಲಿ ನನ್ನದೊಂದು ಅಭಿಪ್ರಾಯ ಇದೆ. ಪೇಪರು, ಬಾಟಲಿ, ಅಲ್ಯೂಮಿನಿಯಂ ಎಲ್ಲ ಗುಜರಿಗೆ ಮಾರಿ, ಚಿಪ್ಸ್ ಪ್ಯಾಕೆಟ್ಟು ಮಾತ್ರ ಸಂಗ್ರಹ ಕೇಂದ್ರಕ್ಕೆ ಕೊಡುವುದು ಸರಿಯಲ್ಲ. ಆ ಕೇಂದ್ರ ನಡೆಯುವುದು ಬೆಲೆ ಇರುವ ಮಾಲಿನಿಂದ. ಬೆಲೆ ಇಲ್ಲದ್ದನ್ನು ಸಾಗಿಸುವ ಖರ್ಚೂ ಅದರಿಂದಲೇ ಹುಟ್ಟಬೇಕು. ಬೆಂಗಳೂರಿನ ಹಲವು ಕೇಂದ್ರಗಳನ್ನು ನಡೆಸುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು, ಹಸಿರು ದಳದಂಥ ಸಂಸ್ಥೆಗಳ ಜೊತೆಗೂಡಿ ಈ ಕೆಲಸಕ್ಕೆ ಬಂದವರು. ರದ್ದಿಯಿಂದ ಬರುವ ನಾಲ್ಕು ಕಾಸು ನಿಮಗೆ ದೊಡ್ಡದಲ್ಲ ಅಂದರೆ ಇಡೀ ಚೀಲ ಅವರಿಗೇ ಕೊಡಿ.

ಗುಜರಿಗೆ ಹೋದರೆ ಸುಮ್ನೆ ತೂಕ ಹಾಕಿಸಿ ಬರಬೇಡಿ, ನಿಮ್ಮ ಕಟ್ಟುಗಳನ್ನು ಬಿಚ್ಚಿ ತೋರಿಸಿ ಕೇಳಿ. 'ಇದು ಬರಲ್ಲ ಅಕ್ಕ, ಇದು ಬರುತ್ತೆ' ಎಂದು ಅಂಗಡಿಯವರು ಎರಡು ನಿಮಿಷದಲ್ಲಿ ಬೇರೆ ಮಾಡಿಬಿಡುತ್ತಾರೆ. ನಿಮ್ಮ ಊರಿನಲ್ಲಿ ಯಾವುದಕ್ಕೆ ಗಿರಾಕಿ ಇದ್ದಾರೆ ಎಂಬುದು ತ್ರಿಕೋನದ ಅಂಕಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ಹೋಗುವ ವಸ್ತು ಹಾಸನದಲ್ಲೋ ಸಿರ್ಸಿಯಲ್ಲೋ ಹೋಗದಿರಬಹುದು, ಸಾಗಾಟದ ಖರ್ಚು ಗಿಟ್ಟಬೇಕಲ್ಲ.

ಯಾವ ಗುಂಪಿಗೆ ಸೇರುತ್ತದೆ ಎಂದು ಗೊತ್ತಾಗದ ವಸ್ತು ಕೊನೆಗೂ ಒಂದಷ್ಟು ಉಳಿಯುತ್ತದೆ. ಮಾತ್ರೆಯ ಸ್ಟ್ರಿಪ್ಪು, ಹರಿದ ರೆಕ್ಸಿನ್ ಪರ್ಸು, ಅರ್ಧ ಮರ ಅರ್ಧ ಪ್ಲಾಸ್ಟಿಕ್ಕಿನ ಆಟಿಕೆ. 'ಇರಲಿ, ಯಾರಾದರೂ ಏನಾದರೂ ಮಾಡ್ಕೊಳ್ತಾರೆ' ಎಂದು ಒಳ್ಳೆಯ ಮಾಲಿನ ಜೊತೆ ತುರುಕಬೇಡಿ. ಒಂದು ಹಿಡಿ ಬೇಡದ್ದು ಸೇರಿದರೆ ಇಡೀ ಮೂಟೆಯ ದರ ಇಳಿಯುತ್ತದೆ. ಇವುಗಳದ್ದೇ ಒಂದು ಸಣ್ಣ ಕಟ್ಟು ಮಾಡಿ, ಬೇರೆಯೇ ಕೊಡಿ.

ಎಲ್ಲ ಆದ ಮೇಲೆ ಟಾರ್ಪಾಲನ್ನೂ ಇಕ್ಕಳವನ್ನೂ ಬಕೆಟ್ಟಿನ ಸೋಪು ನೀರಿನಲ್ಲೇ ತೊಳೆದು ಬಿಸಿಲಿಗೆ ಹಾಕಿ. ಗವಸನ್ನು ಕೈಯಲ್ಲಿರುವಾಗಲೇ ತೊಳೆದು, ಆಮೇಲೆ ಬಿಚ್ಚಿ, ಕೈಯನ್ನು ಮತ್ತೆ ಸೋಪು ಹಾಕಿ ತೊಳೆದುಕೊಳ್ಳಿ. ಗಾಜೋ ಸೂಜಿಯೋ ಚುಚ್ಚಿದ್ದರೆ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ.